ಸಕಾರ

ಗಾಜಿನಾಚೆ, ಗೋಡೆಗೆಲ್ಲ ಸ್ಪಂಜು ಹೊದಿಸಿದ ಪೆಟ್ಟಿಗೆಕೋಣೆಯಲ್ಲಿ
ದೂಮಣ್ಣ ತಿಂಗಳಾಯ ಕೂತಿದ್ದಾನೆ.
ಉಡುಪಿಯ ಸರ್ವಿಸ್ ಸ್ಟ್ಯಾಂಡಿನ ಹಾರನ್ನುಗಳು ಹೊಸ್ತಿಲ ಹೊರಗೇ ನಿಂತಿವೆ.
ಇಪ್ಪತ್ತಾರು ವರ್ಷ ಮಲ್ಪೆ ಬೋಟುಗಳ ಇಂಜಿನ್ನಿನ ಪಕ್ಕ
ಮಲಗಿ ಎದ್ದ ಕಿವಿಗಳ ಮೇಲೆ
ಬಲಕ್ಕೆ ಕೆಂಪು, ಎಡಕ್ಕೆ ನೀಲಿ, ನನ್ನ ಹೆಡ್‌ಫೋನು.
ಕೈಯಲ್ಲಿ ಗುಂಡಿ. ಕೇಳಿದರೆ ಒತ್ತು, ಅಷ್ಟೆ.

ಇನ್ನೂರೈವತ್ತು. ಒತ್ತಿದ.
ಐನೂರು, ಒತ್ತಿದ. ಸಾವಿರ, ತಡೆದು ಒತ್ತಿದ.
ನಾಲ್ಕು ಸಾವಿರ.
ಡೀಸೆಲ್ ಹಿಡಿದ ಹೆಬ್ಬೆರಳು ಕಾಯುತ್ತಿದೆ,
ಕೊನೆಯ ಬಸ್ಸು ಹೋಗಿಯಾಯಿತೆಂದು ಗೊತ್ತಿಲ್ಲದೆ ನಿಂತವರ ಹಾಗೆ.
ದನಿ ಏರಿಸುತ್ತೇನೆ. ಇನ್ನೂ ಏರಿಸುತ್ತೇನೆ.
ಬೆರಳು ಕಾಯುತ್ತದೆ.

"ಎಲ್ಲಿ ಹೋಗ್ತದೆ ಅದು?" ಹೊರಗೆ ಬಂದು ಕೇಳಿದ.
"ಶಬ್ದ ಬರುವುದು ಬರ್ತದಲ್ಲ, ಮತ್ತೆ ಎಲ್ಲಿಗೆ?"

ಪುಸ್ತಕದಲ್ಲಿ ಅದಕ್ಕೆ ಶಂಖವೆಂದು ಹೆಸರು.
ಬಟಾಣಿಯಷ್ಟು ಗಾತ್ರ, ಎರಡೂವರೆ ಸುತ್ತು.
ಒಳಗೆ ನೀರು, ಎರಡು ಬಗೆ:
ಒಂದರಲ್ಲಿ ಸಮುದ್ರದ ಉಪ್ಪು,
ಇನ್ನೊಂದರಲ್ಲಿ, ಹೇಗೆ ಹೇಳಲಿ, ಬೊಂಡದ ನೀರಿನದು.
ಅಲ್ಲಿ ಪೊರೆಯ ಮೇಲೆ ಸಾಲು ಕೂತ ಜೀವಕೋಶಗಳು,
ಅವುಗಳ ತಲೆಯಲ್ಲಿ ಕೂದಲು: ಗಿಡ್ಡ, ಉದ್ದ, ಇನ್ನೂ ಉದ್ದ.
ಗಿಡ್ಡದರ ತುದಿಯನ್ನು ಪಕ್ಕದ ಉದ್ದಕ್ಕೆ ಕಟ್ಟಿದ ನೂಲು
ಯಾವ ಬಲೆಗಾರನೂ ಹೆಣೆಯಲಾರದಷ್ಟು ಸಪೂರ.
ಅಲೆ ಬಂದರೆ ಕೂದಲು ಬಾಗುತ್ತದೆ,
ನೂಲು ಬಿಗಿಯುತ್ತದೆ,
ಬಾಗಿಲೊಂದು ತೆರೆದು
ಬೊಂಡದ ಉಪ್ಪು ಒಳನುಗ್ಗುತ್ತದೆ,
ಬುಡದಲ್ಲಿ ಕಾದಿರುವ ನರಕ್ಕೆ ಕಿಡಿ.
ಅಲ್ಲಿಂದ ಮುಂದೆ ಅದು ಶಬ್ದವಲ್ಲ.
ಮಿದುಳಿನೊಳಗೆ ಯಾರೂ ಮಾತಾಡುವುದಿಲ್ಲ. ಬರೀ ಮಿಣುಕು.

"ಅಂಚಾಂಡ ವಾಲ್ವು," ಎಂದ ದೂಮಣ್ಣ.
ಹೌದು. ವಾಲ್ವು.
ಹನ್ನೆರಡು ವರ್ಷದಿಂದ ವಿವರಿಸುತ್ತಿದ್ದೇನೆ,
ಒಂದೇ ಮಾತಲ್ಲಿ ಮುಗಿಸಿದವನು ಇವನೊಬ್ಬ.
"ಬದಲಿಸ್ಲಿಕ್ಕೆ ಬರುದಿಲ್ವಾ?"
ಕೋಳಿಗೆ ಮತ್ತೆ ಹುಟ್ಟುತ್ತದೆ. ಅಂಕದಲ್ಲಿ ಸೋತ ಹುಂಜಕ್ಕೂ.
ನಮಗಿಲ್ಲ.

ಗುಡುಗಿನ ಮನೆ ಸುರುಳಿಯ ಕೊನೆಯಲ್ಲಿ, ಒಳಗೆ.
ಕೀರಲು ದನಿಗಳದು ಅಳಿವೆ ಬಾಗಿಲಲ್ಲೇ.
ಒಳಹೋಗುವ ಪ್ರತಿ ಅಲೆಯೂ ಅದನ್ನು ತುಳಿದೇ ಹೋಗಬೇಕು.
ಮೊದಲು ಬಿದ್ದದ್ದು ಆ ಮನೆ.
ಅಲ್ಲಿ ವಾಸವಿದ್ದದ್ದು ಸ.

ಬಾಯಿಗೆ ರಟ್ಟು ಅಡ್ಡ ಹಿಡಿದು ಪದ ಹೇಳುವ ಪರೀಕ್ಷೆ.
ಸರ, ಎಂದೆ. ಅರ, ಎಂದ.
ಸೂಜಿ. ಊಜಿ.
ಮರ. ಮರ.
ಕೆಲವರು ಇಲ್ಲಿ ನಗುತ್ತಾರೆ.
ಅವನು ರಟ್ಟನ್ನೇ ನೋಡುತ್ತ ಹೇಳಿದ:

"ಹೋದ ನವೆಂಬರ್. ನಮ್ಮ ಬೋಟಿನಲ್ಲಿ ಕೊಪ್ಪಳದ ಹುಡುಗರು,
ತುಳು ಬಾರದವರು. ವಿಂಚಿನ ಹತ್ತಿರದಿಂದ ಹನುಮೇಶ ಕೂಗಿದ,
ಹೊಸ ಹುಡುಗ ಸತ್ತ ಅಂತ.
ನನಗೆ ಕೇಳಿದ್ದು ಅತ್ತ.
ಹೊಸಬರು ಅಳ್ತಾರೆ. ಮೊದಲ ಟ್ರಿಪ್ಪು, ವಾಂತಿ, ಮನೆ ನೆನಪು.
ಅಳಲಿ ಬಿಡು ಅಂದೆ.
ಆಯಿಲ್ ನೋಡಿದೆ. ಬೆಲ್ಟು ನೋಡಿದೆ.
ಚಾ ಕುಡಿದು ಮೇಲೆ ಬಂದೆ."

ಮೂರನೆಯ ವಾರ ಕಿವಿಯ ಹಿಂದೆ ಯಂತ್ರ ಕೂರಿಸಿದೆ.
ತಲೆ ಎತ್ತಿ ಏಸಿಯ ಸುಯ್ಯೆನ್ನುವಿಕೆಯನ್ನು ಹುಡುಕಿದ.
ನಾನು ಕಾಗದ ಸರಿಸಿದರೆ ಬೆಚ್ಚಿದ.
ತನ್ನದೇ ಅಂಗಿಯ ತೋಳನ್ನು ಉಗುರಿನಿಂದ ಕೆರೆದು ಕೇಳಿದ, ಎರಡು ಸಲ.

"ಈಗ ಹೇಳಿ," ಎಂದ.
ಯಾವುದು ಎಂದು ನಾನು ಕೇಳಲಿಲ್ಲ.
ನನ್ನ ಪಟ್ಟಿಯಲ್ಲಿ ಆ ಪದ ಇಲ್ಲ.
ರಟ್ಟು ಅಡ್ಡ ಹಿಡಿದೆ. ಹೇಳಿದೆ.

ಹೆಬ್ಬೆರಳು ಮೇಜನ್ನು ಒಮ್ಮೆ ಒತ್ತಿತು,
ಅಲ್ಲಿ ಗುಂಡಿ ಇರಲಿಲ್ಲ.